ವೀಣಾ, ಮೊದಲು ಶೌಚಾಲಯ ನೋಡು

ವೀಣಾ, ನಿನ್ನೆ ರಾತ್ರಿ ನೀನು ನಮ್ಮ ಮನೆಯವರ ಫೋನ್ ಗುಂಪಿನಲ್ಲಿ ಹಾಕಿದ್ದನ್ನು ಬೆಳಿಗ್ಗೆ ಕಾಫಿ ಕುಡಿಯುತ್ತಾ ನೋಡಿದೆ. ಟೈಪ್ ಮಾಡಲು ನನ್ನ ಹೆಬ್ಬೆರಳು ಒಪ್ಪುವುದಿಲ್ಲ, ಅದಕ್ಕೆ ಮಾತಿನಲ್ಲೇ ಕಳಿಸುತ್ತಿದ್ದೇನೆ. ಉದ್ದವಾದರೆ ನಮ್ಮ ಶ್ರೀಧರ ಎರಡರಷ್ಟು ವೇಗದಲ್ಲಿ ಓಡಿಸಿ ಕೇಳುತ್ತಾನಂತೆ, ಕೇಳಲಿ. ನೀನು ನಿಧಾನವಾಗಿ ಕೇಳು.

ಮೈಸೂರಿನ ಆ ಹಿರಿಯರ ವಸತಿಯಲ್ಲಿ ಕೆಲಸಕ್ಕೆ ಸೇರಿ ಇನ್ನೂ ಒಂದು ತಿಂಗಳಾಗಿಲ್ಲ, ಆಷಾಢದಿಂದ ಯುಗಾದಿಯವರೆಗಿನ ಕಾರ್ಯಕ್ರಮದ ಪಟ್ಟಿ ಸೋಮವಾರದೊಳಗೆ ಬೇಕೆಂದು ಕೇಳಿದ್ದಾರೆ, ತಿಂಗಳಿಗೆ ಎರಡು ಪ್ರವಾಸ ಇರಲೇಬೇಕಂತೆ, ಇರುವವರಲ್ಲಿ ಅರ್ಧಕ್ಕರ್ಧ ಎಂಬತ್ತು ದಾಟಿದವರು, ಯಾರಾದರೂ ಬಿದ್ದರೆ ಗತಿಯೇನು ಎಂದು ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀಯಲ್ಲ, ನಿದ್ದೆ ಬರದಿರುವುದೇ ಒಳ್ಳೆಯದು ತಾಯಿ. ಬೆಂಗಳೂರಿನ ನಮ್ಮ ಹಿರಿಯರ ವಸತಿಯಲ್ಲಿ ಆಗ ಪ್ರವಾಸ ನೋಡಿಕೊಳ್ಳುತ್ತಿದ್ದ ಹುಡುಗ ಚೆನ್ನಾಗಿ ನಿದ್ದೆ ಮಾಡುತ್ತಿದ್ದ.

ಮೇಲುಕೋಟೆಯ ವಿಷಯ ನಿಮಗೆಲ್ಲ ಗೊತ್ತು. ಆದರೆ ನಿಮಗೆ ಗೊತ್ತಿರುವುದು ನಮ್ಮ ಯಜಮಾನರು, ನಿಮ್ಮ ಮಾವ, ಕಲ್ಯಾಣಿಯ ಹತ್ತಿರ ಜಾರಿ ಬಿದ್ದರು ಎಂಬಷ್ಟೇ. ಅವರು ಜಾರಲಿಲ್ಲ. ಕಲ್ಲು ಒಣಗಿ ಕಾದಿತ್ತು, ಏಪ್ರಿಲ್ ತಿಂಗಳು. ಬೆಂಗಳೂರಿನಿಂದ ಬೆಳಿಗ್ಗೆ ಏಳಕ್ಕೆ ಹೊರಟೆವು. ಬಸ್ ಹತ್ತುವ ಮೊದಲೇ ನಿಮ್ಮ ಮಾವ ನನ್ನ ಕೈಯಿಂದ ನೀರಿನ ಬಾಟಲಿ ತೆಗೆದು ಚೀಲದೊಳಗೆ ಇಟ್ಟರು. ಯಾಕೆ ಎಂದರೆ, ದಾರಿಯಲ್ಲಿ ಎಲ್ಲಿ ನಿಲ್ಲಿಸುತ್ತಾರೋ ಯಾರಿಗೆ ಗೊತ್ತು, ಮೂವತ್ತು ಜನರ ಮುಂದೆ ಎದ್ದು ನಿಂತು ಬಸ್ ನಿಲ್ಲಿಸಪ್ಪ ಎಂದು ಕೇಳಲೇ ಎಂದರು. ಇಡೀ ಬಸ್ಸಿನಲ್ಲಿ ಅರ್ಧ ಜನ ಅದನ್ನೇ ಮಾಡಿದ್ದರೆಂದು ಆಮೇಲೆ ತಿಳಿಯಿತು. ಬಾಯಿ ಬಿಟ್ಟು ಹೇಳಿದವರು ಒಬ್ಬರೂ ಇಲ್ಲ. ಅದರ ಮೇಲೆ ಬಿಪಿಗೆಂದು ಬೆಳಿಗ್ಗೆಯೇ ನುಂಗಿದ ನೀರು ಹೋಗುವ ಮಾತ್ರೆ. ಅದರ ಮೇಲೆ ದರ್ಶನದ ಸಾಲು. ಅದರ ಮೇಲೆ ಮೇಲುಕೋಟೆಯ ಪುಳಿಯೋಗರೆ, ಎರಡು ಸಲ ಹಾಕಿಸಿಕೊಂಡರು, ಉಪ್ಪು ಹುಳಿ ಎರಡೂ ಜೋರು, ಆದರೂ ಬಾಯಿಗೆ ನೀರು ಮುಟ್ಟಿಸಲಿಲ್ಲ. ಕಲ್ಯಾಣಿಯ ಮೆಟ್ಟಿಲಿನ ಮೇಲೆ ಹತ್ತು ನಿಮಿಷ ಕುಳಿತರು. ಫೋಟೋಕ್ಕೆ ಎಲ್ಲರೂ ಎದ್ದೇಳಿ ಎಂದು ಆ ಹುಡುಗ ಕೂಗಿದ. ಇವರು ಎದ್ದರು, ಕಣ್ಣು ಕತ್ತಲಿಟ್ಟಿತು, ನಾನು ನೋಡುತ್ತಿದ್ದಂತೆಯೇ ಬಾಳೆಯ ಗಿಡ ಮಗುಚಿದ ಹಾಗೆ ಮಗುಚಿದರು. ಸೊಂಟದ ಮೂಳೆ. ಹತ್ತಿರದವರು ಯಾರೋ ಗಾಡಿ ಕೊಟ್ಟು ಆಸ್ಪತ್ರೆಗೆ ಸೇರಿಸಿದ್ದು, ಶಸ್ತ್ರಚಿಕಿತ್ಸೆ, ಮೂರು ತಿಂಗಳು ವಾಕರ್, ಅದೆಲ್ಲ ಈಗ ಬೇಡ. ಮೂಳೆಯ ಡಾಕ್ಟರು ಹೇಳಿದ ಒಂದು ಮಾತು ಮಾತ್ರ ಹೇಳುತ್ತೇನೆ. ವಯಸ್ಸಾದಂತೆ ಬಾಯಾರಿಕೆಯೇ ಸರಿಯಾಗಿ ತಿಳಿಯುವುದಿಲ್ಲವಂತೆ. ಒಳಗೆ ನೀರು ಕಡಿಮೆಯಾದವರು ತಟ್ಟನೆ ಎದ್ದರೆ ಬಿಪಿ ಕುಸಿಯುತ್ತದಂತೆ. ಬಿದ್ದದ್ದು ಮೆಟ್ಟಿಲಿನಿಂದಲ್ಲ, ಶೌಚಾಲಯ ಇಲ್ಲದ್ದರಿಂದ ಎಂದೇ ನಾನು ಲೆಕ್ಕ ಹಾಕಿದ್ದೇನೆ.

ಆದ್ದರಿಂದ ಶೌಚಾಲಯ ನೋಡದೆ ಒಬ್ಬರನ್ನೂ ಬಸ್ ಹತ್ತಿಸಬೇಡ. ನೋಡುವುದೆಂದರೆ ಫೋನಿನಲ್ಲಿ ಕೇಳುವುದಲ್ಲ. ನೀನೇ ಹೋಗಿ, ಒಳಗೆ ಹೋಗಿ, ಬಾಗಿಲು ಹಾಕಿ ನೋಡು. ಹಿಡಿದುಕೊಳ್ಳಲು ಏನಾದರೂ ಇದೆಯೇ, ನೆಲ ಒದ್ದೆಯೇ, ಕುಳಿತರೆ ಏಳಲಾಗುತ್ತದೆಯೇ. ನಿನಗೆ ಮೂವತ್ತೆಂಟು, ನೀನು ಎಲ್ಲಿ ಬೇಕಾದರೂ ಕುಕ್ಕರಗಾಲಿನಲ್ಲಿ ಕೂರುತ್ತೀಯ. ಎಂಬತ್ತರ ಮಂಡಿಯಿಂದ ಯೋಚಿಸು.

ಇದನ್ನು ಹೇಳಿದಾಗಲೆಲ್ಲ ಮಾವನಿಗೆ ಕೋಪ. ಈಗಲೂ ಪಕ್ಕದಲ್ಲೇ ಕುಳಿತು ಮುಖ ಆ ಕಡೆ ತಿರುಗಿಸಿದ್ದಾರೆ.

ಇನ್ನೊಂದು. ಪಟ್ಟಿಯಲ್ಲಿ ಭಜನೆ, ಪ್ರವಚನ, ತಂಬೋಲ ಇಷ್ಟನ್ನೇ ತುಂಬಬೇಡ. ಅಕ್ಟೋಬರ್ 1 ಹಿರಿಯರ ದಿನ, ವಿಶ್ವಸಂಸ್ಥೆ 1990ರಲ್ಲಿ ಗೊತ್ತುಮಾಡಿತಂತೆ, ಪ್ರತಿ ವರ್ಷದ ಭಾಷಣದಲ್ಲೂ ಕೇಳಿ ನನಗೆ ಬಾಯಿಪಾಠವಾಗಿದೆ. ಅವತ್ತು ಯಾವುದಾದರೂ ಶಾಲೆಯ ಮಕ್ಕಳನ್ನು ಕರೆತಂದು ನಮ್ಮ ಕಾಲಿಗೆ ಬೀಳಿಸುತ್ತಾರೆ, ತಲೆಗೆ ಕಾಗದದ ಕಿರೀಟ ಹಾಕುತ್ತಾರೆ, ಚಪ್ಪಾಳೆ ತಟ್ಟಿ ಎನ್ನುತ್ತಾರೆ. ಮೂರನೆಯ ಮಹಡಿಯವರು ಮೂವತ್ತು ವರ್ಷ ಗಣಿತ ಕಲಿಸಿದವರು. ಅವರನ್ನು ಒಂದು ದಿನ ಆ ಮಕ್ಕಳಿಗೆ ಮಗ್ಗಿ ಕೇಳಲು ಬಿಟ್ಟಿದ್ದರೆ ಅವರ ಮುಖ ನೋಡಬೇಕಿತ್ತು.

ಹಬ್ಬದ ಮಾತಿಗೆ ಬಂದರೆ ಗೌರಿ. ನಮ್ಮಲ್ಲಿ ಗೌರಿ ಹಬ್ಬದ ಬೆಳಿಗ್ಗೆ ಹೆಂಗಸರು ಯಾರೂ ಸ್ನಾನ ಮುಗಿಸಿದವರು ಕೋಣೆ ಬಿಟ್ಟು ಕದಲುವುದಿಲ್ಲ. ತವರಿನಿಂದ ಫೋನ್ ಬರಬಹುದು ಎಂದು. ಎಂಬತ್ತೈದಾದವರಿಗೂ ತವರು ತವರೇ ಕಣಮ್ಮ. ಅಣ್ಣ ಇದನ್ನು ಕೇಳಿಸಿಕೊಳ್ಳುತ್ತಾನೆಂದು ಗೊತ್ತಿದ್ದೇ ಹೇಳುತ್ತಿದ್ದೇನೆ. ನಮ್ಮ ಅಮ್ಮ ಇರುವವರೆಗೆ ಮೊರದ ಬಾಗಿನ ಮನೆಗೇ ಬರುತ್ತಿತ್ತು, ಬಳೆ, ಬಿಚ್ಚೋಲೆ, ಅರಿಶಿನ ಕುಂಕುಮ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಮೇಲೊಂದು ಮೊರ ಮುಚ್ಚಿ. ಈಗ ಫೋನಿಗೆ ಐನೂರ ಒಂದು ರೂಪಾಯಿ ಬಂದು ಬೀಳುತ್ತದೆ. ಟಿಣ್ ಎನ್ನುತ್ತದೆ. ಹೋದ ವರ್ಷ ಅದೂ ಮರುದಿನ, ಗಣೇಶನ ಜೊತೆಗೆ ಬಂತು. ನಾನೇನು ದುಡ್ಡಿಲ್ಲದವಳೇ? ಅತ್ತಿಗೆಗೆ ಮೊಣಕಾಲು ನೋವು, ಒಪ್ಪುತ್ತೇನೆ. ಮೊರಕ್ಕೂ ಮೊಣಕಾಲು ನೋವೇ? ಹೋಗಲಿ ಬಿಡು.

ಏನು ಹೇಳುತ್ತಿದ್ದೆ. ಹಾಂ, ಶೌಚಾಲಯ. ಮತ್ತೆ ಹೇಳುತ್ತೇನೆ, ಶೌಚಾಲಯ ನೋಡದೆ ಬಸ್ ಹತ್ತಿಸಬೇಡ. ಆಡಳಿತದವರು ಏನೇ ಹೇಳಲಿ.

ಅಯ್ಯೋ, ನೀನು ಕೇಳಿದ್ದು ಪಟ್ಟಿ. ಬರೆದುಕೋ. ತಿಂಗಳಿಗೆ ಎರಡು ಪ್ರವಾಸ ಆಗುವುದಿಲ್ಲ, ಒಂದು ಎಂದು ಬರೆದು ಅದಕ್ಕೇ ಅಂಟಿಕೊಂಡು ಕೂರು. ಮಳೆಗಾಲದಲ್ಲಿ ಅದೂ ಬೇಡ. ಆಷಾಢದ ಶುಕ್ರವಾರ ಚಾಮುಂಡಿ ಬೆಟ್ಟ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಆ ಜನಜಂಗುಳಿಗೆ ಬೇಡ, ಕಾರ್ತಿಕ ಕಳೆದ ಮೇಲೆ ಯಾವುದಾದರೂ ಬುಧವಾರ ಹೋಗಲಿ, ತಾಯಿ ಅಲ್ಲೇ ಇರುತ್ತಾಳೆ. ಗೌರಿಗೆ ಬಾಗಿನ ನೀವೇ ಕಟ್ಟಿಸಿ, ಒಬ್ಬರಿಗೊಬ್ಬರು ಕೊಡಲಿ, ಗಂಡ ಇಲ್ಲದವರನ್ನು ಹೊರಗಿಡಬೇಡ, ಇದನ್ನು ನಾನು ಹೇಳಿದೆ ಎಂದೇ ಹೇಳು.

ನವರಾತ್ರಿಯ ಗೊಂಬೆಗೆ ಒಂದು ತಿಂಗಳ ಮೊದಲೇ ಪೆಟ್ಟಿಗೆ ತೆರೆಸು. ಒರೆಸುವುದು, ಬಣ್ಣ ಹೋದದ್ದಕ್ಕೆ ಹಚ್ಚುವುದು, ಸೀರೆ ಉಡಿಸುವುದು, ನಡುಗುವ ಕೈಗೂ ಕೆಲಸ ಸಿಗುತ್ತದೆ. ಒಂಬತ್ತು ದಿನಕ್ಕಿಂತ ಆ ಒಂದು ತಿಂಗಳೇ ಚೆನ್ನ. ಜಂಬೂ ಸವಾರಿಯನ್ನು ಟಿವಿಯಲ್ಲೇ ನೋಡಲಿ. ದೀಪ ನೋಡುವ ಆಸೆ ಇದ್ದರೆ ದಸರೆ ಮುಗಿದ ಮೇಲೆ ಒಂದು ಭಾನುವಾರ ಸಂಜೆ ಅರಮನೆಯ ಕಡೆ ಬಸ್ಸಿನಲ್ಲಿ ಒಂದು ಸುತ್ತು, ಸುಮಾರು ಒಂದು ಲಕ್ಷ ಬಲ್ಬು ಹೇಗೂ ಹೊತ್ತಿಸುತ್ತಾರೆ, ಇಳಿಯುವ ಅಗತ್ಯವೇ ಇಲ್ಲ. ದೀಪಾವಳಿಯ ಪಟಾಕಿ ಹೊಗೆಗೆ ಉಬ್ಬಸದವರನ್ನು ಒಳಗಿಡು. ಧನುರ್ಮಾಸದ ಹುಗ್ಗಿ ಬೆಳಗಿನ ಐದಕ್ಕೇ ಎಂದು ಹಟ ಹಿಡಿಯುವವರಿರುತ್ತಾರೆ, ಕತ್ತಲಲ್ಲಿ ಓಡಾಡುವುದು ಬೇಡ, ಪೂಜೆ ಬೇಕಾದರೆ ಐದಕ್ಕೆ ಆಗಲಿ, ಪ್ರಸಾದ ಕೋಣೆಗೆ ಹೋಗಲಿ. ಸಂಕ್ರಾಂತಿಗೆ ಕೊಬ್ಬರಿ ಹೆಚ್ಚಲು ಮೇಜು ಹಾಕಿಸು, ಹೆಚ್ಚುವಾಗ ಹಳೆಯ ಕಥೆ ಹೊರಬರುತ್ತದೆ. ಯುಗಾದಿಯ ಪಂಚಾಂಗ ಎಲ್ಲರಿಗಿಂತ ಹಿರಿಯರು ಓದಲಿ, ತಡವರಿಸಿದರೂ ಸರಿ.

ಪ್ರವಾಸದ ದಿನ ಒಂದೂವರೆ ಗಂಟೆಗೊಮ್ಮೆ ಬಸ್ ನಿಲ್ಲಲಿ, ಯಾರೂ ಕೇಳದಿದ್ದರೂ ನಿಲ್ಲಲಿ. ಕೇಳಬೇಕಾಗಿ ಬಂದರೆ ಯಾರೂ ನೀರು ಕುಡಿಯುವುದಿಲ್ಲ. ನೀರು ಹೋಗುವ ಮಾತ್ರೆ ಯಾರಿಗಿದೆ ಎಂದು ನರ್ಸ್ ಬಳಿ ಬರೆಸಿಟ್ಟುಕೋ, ಅವತ್ತು ಅದನ್ನು ಯಾವಾಗ ತೆಗೆದುಕೊಳ್ಳಬೇಕೆಂದು ಡಾಕ್ಟರನ್ನೇ ಕೇಳು, ನೀನಾಗಿ ನಿಲ್ಲಿಸಬೇಡ. ಫೋಟೋ ಕುಳಿತೇ ತೆಗೆಯಿರಿ.

ಮಾವ ಏನೋ ಹೇಳುತ್ತಿದ್ದಾರೆ, ತಾಳು. ಡಿಸೆಂಬರಿನಲ್ಲಿ ನೀನು ಮೇಲುಕೋಟೆಗೆ ಬಸ್ ಹೊರಡಿಸಿದರೆ ಅವರಿಗೂ ಒಂದು ಸೀಟು ಬೇಕಂತೆ. ಪುಳಿಯೋಗರೆಗಂತೆ. ಬಾಗಿಲ ಪಕ್ಕದ್ದೇ ಹಿಡಿದಿಡು.