‘ಬ್ರಾಟ್ ಫಾರ್ವರ್ಡ್’ ಎಂದರೆ ಸಭೆ ಬೇಗನೆಯೋ, ತಡವಾಗಿಯೋ?

ಪ್ರಶ್ನೆ:
ಗುರುವಾರದ ಸಭೆಯ ಬಗ್ಗೆ ಲಂಡನ್ನಿನ ಸಹೋದ್ಯೋಗಿಯೊಬ್ಬರು ‘ಬ್ರಾಟ್ ಫಾರ್ವರ್ಡ್ ಬೈ ಎ ಡೇ’ ಎಂದು ಇಮೇಲ್ ಬರೆದಿದ್ದರು. ಫಾರ್ವರ್ಡ್ ಎಂದರೆ ಮುಂದಕ್ಕೆ ಎಂಬ ಲೆಕ್ಕದಲ್ಲಿ ನಾನು ಶುಕ್ರವಾರಕ್ಕೆ ಸಿದ್ಧತೆ ನಡೆಸಿದ್ದೆ. ಸಭೆ ಬುಧವಾರವೇ ಮುಗಿದುಹೋಗಿತ್ತು. ನಾನು ಎಡವಿದ್ದೆಲ್ಲಿ?

ಉತ್ತರ 1:
ನಿಮ್ಮನ್ನು ಎಡವಿಸಿದ್ದು ಕನ್ನಡದ ರೂಢಿ. ನಾವು ‘ಮುಂದೂಡು’, ‘ಮುಂದಕ್ಕೆ ಹಾಕು’ ಎನ್ನುವುದು ತಡ ಮಾಡುವುದಕ್ಕೆ. ಮದುವೆ ಮುಂದಕ್ಕೆ ಹೋಯಿತು ಎಂದರೆ ಅದು ಬೇಗ ನಡೆಯುತ್ತದೆ ಎಂದು ಯಾರೂ ತಿಳಿಯುವುದಿಲ್ಲ. ಇಂಗ್ಲಿಷಿನ ‘ಬ್ರಿಂಗ್ ಫಾರ್ವರ್ಡ್’ನಲ್ಲಾದರೋ ದಿನವನ್ನು ನಮ್ಮ ಹತ್ತಿರಕ್ಕೆ ಎಳೆದುಕೊಳ್ಳುತ್ತೇವೆ, ‘ಪುಷ್ ಬ್ಯಾಕ್’ನಲ್ಲಿ ನಮ್ಮಿಂದ ದೂರ ತಳ್ಳುತ್ತೇವೆ. ಕನ್ನಡದ ‘ಮುಂದೆ’ಗೆ ಇಂಗ್ಲಿಷಿನ ‘ಬ್ಯಾಕ್’ ಜೋಡಿಯಾಗುವುದು ಹೀಗೆ.

ಉತ್ತರ 2:
‘ಬ್ರಿಂಗ್ ಫಾರ್ವರ್ಡ್’ನ ಅರ್ಥ ಖಚಿತವೇ ಆದರೂ, ‘ಮೂವ್ ಫಾರ್ವರ್ಡ್’ ವಿಷಯದಲ್ಲಿ ಇಂಗ್ಲಿಷ್ ಮಾತೃಭಾಷೆಯವರೂ ಒಂದಾಗುವುದಿಲ್ಲ. ಬುಧವಾರದ ಸಭೆ ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಆದರೆ ಯಾವ ದಿನ ನಡೆಯುತ್ತದೆ ಎಂಬ ಪ್ರಶ್ನೆಯನ್ನು ಮನೋವಿಜ್ಞಾನಿ ಲೆರಾ ಬೊರೊಡಿಟ್ಸ್ಕಿ ತಮ್ಮ ಪ್ರಯೋಗಗಳಲ್ಲಿ ಬಳಸಿದ್ದಾರೆ. ಕೆಲವರು ಸೋಮವಾರ ಎಂದರು, ಕೆಲವರು ಶುಕ್ರವಾರ ಎಂದರು. ಆದ್ದರಿಂದ ನನಗೆ ನಮ್ಮ ‘ಪ್ರಿಪೋನ್’ ಬಹಳ ಇಷ್ಟ. ಅದು ‘ಪೋಸ್ಟ್‌ಪೋನ್’ನ ಎದುರು ಜೋಡಿ, ಎರಡು ಅರ್ಥಕ್ಕೆ ಎಡೆಯೇ ಇಲ್ಲ. ಭಾರತೀಯರ ತಪ್ಪು ಇಂಗ್ಲಿಷ್ ಎಂದು ಅದನ್ನು ಹೀಗಳೆಯುವುದು ನನಗೆ ನೋವಿನ ಸಂಗತಿ. 1913ರಲ್ಲೇ ನ್ಯೂಯಾರ್ಕ್ ಟೈಮ್ಸ್‌ಗೆ ಪತ್ರ ಬರೆದ ಓದುಗರೊಬ್ಬರು, ‘ಪೋಸ್ಟ್‌ಪೋನ್’ಗೆ ಪ್ರತಿಯಾಗಿ ಇಂಥ ಪದ ಬೇಕೆಂದು ಇದನ್ನೇ ಸೂಚಿಸಿದ್ದರು.

ಉತ್ತರ 3:
ಪದ ಒಳ್ಳೆಯದೇ, ಬೆಂಗಳೂರಿನ ಕಚೇರಿಯೊಳಗೆ ನಾನೂ ಅದನ್ನೇ ಬಳಸುತ್ತೇನೆ. ಆದರೆ ಲಂಡನ್ನಿನಲ್ಲಿ ಓದುವವರಿಗೆ ಅದು ಪರಿಚಿತವಾಗಿರಲೇಬೇಕೆಂದಿಲ್ಲ. ಬರೆಯುವವರಿಗೆ ಸ್ಪಷ್ಟವಾದದ್ದು ಓದುವವರಿಗೂ ಸ್ಪಷ್ಟವಾಗಿರಬೇಕಲ್ಲವೇ? ಹಳೆಯ ದಿನ, ಹೊಸ ದಿನ ಎರಡನ್ನೂ ಹೆಸರಿಸಿಬಿಟ್ಟರೆ ಈ ತೊಡಕೇ ಬರುವುದಿಲ್ಲ. ತಿಂಗಳ ಹೆಸರನ್ನೂ ಅಕ್ಷರದಲ್ಲೇ ಬರೆಯಿರಿ, ಏಕೆಂದರೆ 5/6 ಎಂಬುದು ನಮಗೂ ಬ್ರಿಟನ್ನಿನವರಿಗೂ ಜೂನ್ 5, ಅಮೆರಿಕದವರಿಗೆ ಮೇ 6.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದಗಳು. ಮುಂದಿನ ಸಭೆಯ ದಿನ ಬದಲಾದದ್ದನ್ನು ಈಗಷ್ಟೇ ‘ಫ್ರಮ್ ಥರ್ಸ್‌ಡೇ ಟು ಟ್ಯೂಸ್‌ಡೇ, ಟೂ ಡೇಸ್ ಅರ್ಲಿಯರ್’ ಎಂದು ಬರೆದು ಕಳುಹಿಸಿದೆ.