ದಕ್ಷಿಣ ಅಮೆರಿಕಕ್ಕೆ ಯಾವ ತಿಂಗಳು?

"ಒಂದೇ ಸಲಕ್ಕೆ ಇಡೀ ದಕ್ಷಿಣ ಅಮೆರಿಕ ಮುಗಿಸಿಬಿಡುವ ಮಾರಾಯ್ರೆ. ಹದಿನೈದು ದಿನ ಸಾಕು," ಎಂದರು ಶೆಟ್ರು. ಧರ್ಮಸ್ಥಳ, ಕುಕ್ಕೆ, ಕೊಲ್ಲೂರು ನೋಡಿ ರಾತ್ರಿ ಬಸ್ಸಿಗೆ ವಾಪಸ್ ಬರುವ ಧಾಟಿ ಅವರದು.

ಮೇಷ್ಟ್ರು ಭೂಗೋಳ ಕಲಿಸಿ ನಿವೃತ್ತರಾದವರು. ಸುಮ್ನೆ ಕೂರುತ್ತಾರಾ? "ಚಿಲಿ ಒಂದೇ ದೇಶ ಉದ್ದಕ್ಕೆ ಸುಮಾರು 4,300 ಕಿಲೋಮೀಟರ್ ಇದೆ ಕಣ್ರೀ. ಇಡೀ ಭಾರತವೇ ಉತ್ತರದಿಂದ ದಕ್ಷಿಣಕ್ಕೆ 3,200."

"ಹಾಗಾದ್ರೆ ಚಿಲಿ ಬೇಡ."

ಅಟಕಾಮಾ ಮರುಭೂಮಿ, ಪ್ಯಾಟಗೋನಿಯಾದ ಒಂದು ಪಾಲು ಹಿಮ, ಎಲ್ಲ ಒಂದೇ ಮಾತಿಗೆ ಕೊಚ್ಚಿಹೋಯಿತು. ಯಾರೂ ಕಣ್ಣೀರು ಹಾಕಲಿಲ್ಲ.

ಬ್ರೆಜಿಲಿನ ರಿಯೋ ನಗರದ ಮಾತು ಬಂತು. ಕೋಪಕಬಾನಾ ಬೀಚ್ ನಾಲ್ಕು ಕಿಲೋಮೀಟರ್ ಉದ್ದ ಎಂದು ನಾನು ಹೇಳಿದ್ದೇ ತಡ, ಶೆಟ್ರು ಮುಖ ಸಿಂಡರಿಸಿದರು. "ನಾನು ಮಲ್ಪೆಯವ. ಸಮುದ್ರ ನೋಡ್ಲಿಕ್ಕೆ ವಿಮಾನದ ಟಿಕೆಟ್ ತೆಗೀಬೇಕಾ?" ಊರಿನ ನಡುವೆಯೇ ಬಂಡೆಗುಡ್ಡ ಇದೆ, 1912ರಿಂದ ಅದಕ್ಕೆ ಕೇಬಲ್ ಕಾರು ಓಡುತ್ತಿದೆ, ಇನ್ನೊಂದು ಗುಡ್ಡದ ಮೇಲೆ 30 ಮೀಟರ್ ಎತ್ತರದ ಕ್ರಿಸ್ತನ ವಿಗ್ರಹ ಇದೆ ಎಂದೆ. ಅದೂ ನಾಟಲಿಲ್ಲ. ಹೊಸ ವರ್ಷದ ರಾತ್ರಿ ಜನ ಬಿಳಿ ಬಟ್ಟೆ ಉಟ್ಟು ಕಡಲ ದೇವಿ ಇಮಾಂಜಾಗೆ ಹೂವು ಬಿಡುತ್ತಾರೆ ಎಂದಾಗ ಮಾತ್ರ ಶೆಟ್ರು ನೆಟ್ಟಗೆ ಕೂತರು. "ಅಲ್ಲಿಯೂ ಸಮುದ್ರ ಪೂಜೆ ಉಂಟಾ? ಹಾಗಾದ್ರೆ ಡಿಸೆಂಬರ್ 31 ಫಿಕ್ಸ್."

ಜಗಳ ಹುಟ್ಟಿದ್ದೇ ಇಲ್ಲಿಂದ.

ನನಗೆ ಬೊಲಿವಿಯಾದ ಉಯುನಿ ಉಪ್ಪಿನ ಬಯಲು ಬೇಕು. ಹತ್ತು ಸಾವಿರ ಚದರ ಕಿಲೋಮೀಟರಿಗೂ ಜಾಸ್ತಿ ಬರೀ ಉಪ್ಪು. ಮಳೆ ಬಂದು ಅದರ ಮೇಲೆ ತೆಳ್ಳಗೆ ನೀರು ನಿಂತರೆ ಆಕಾಶ ಕಾಲ ಕೆಳಗೂ ಕಾಣುತ್ತದೆ. ಆದರೆ ಅದು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್. ಮೇಷ್ಟ್ರಿಗೆ ಪೆರುವಿನ ಬೆಟ್ಟದ ಮೇಲಿನ ಹಳೇ ಇಂಕಾ ಊರು ಮಾಚು ಪಿಚುಗೆ ಇಂಕಾ ಹಾದಿಯಲ್ಲಿ ನಡೆದೇ ಹೋಗುವ ಆಸೆ. ಆ ಹಾದಿಯನ್ನು ಫೆಬ್ರವರಿಯಲ್ಲಿ ರಿಪೇರಿಗೆ ಮುಚ್ಚುತ್ತಾರೆ, ಮಳೆಯಿಲ್ಲದ ಕಾಲ ಬೇಕೆಂದರೆ ಮೇ ನಂತರ. ಭಟ್ರು ಒಂದು ಫೋಟೋ ತೋರಿಸಿದರು. ಬ್ರೆಜಿಲಿನ ಲೆನ್ಸೋಯಿಸ್. ಕಣ್ಣಳತೆ ಮುಗಿಯದ ಬಿಳಿ ಮರಳ ದಿಬ್ಬ, ಮಧ್ಯೆ ಮಧ್ಯೆ ನೀಲಿ ಕೊಳ. "ಉಪ್ಪುನೀರಲ್ಲ ಸ್ವಾಮಿ, ಮಳೆನೀರು. ಸ್ನಾನ, ಸಂಧ್ಯಾವಂದನೆ ಎರಡೂ ಆಗತ್ತೆ." ಸರಿ, ಆದರೆ ಆ ಕೊಳಗಳು ತುಂಬಿರುವುದು ಜೂನ್‌ನಿಂದ ಕೆಲವೇ ತಿಂಗಳು. ಡಿಸೆಂಬರಿಗೆ ಹೋದರೆ ಹೆಚ್ಚಿನವು ಒಣಗಿ, ಭಟ್ರು ಮರಳಲ್ಲೇ ಆಚಮನ ಮಾಡಬೇಕು.

ನಾಲ್ಕು ಜನ, ನಾಲ್ಕು ತಿಂಗಳು. ಆ ಖಂಡ ಸಮಭಾಜಕದಿಂದ ಹಿಮನದಿಯವರೆಗೆ ಹರಡಿ ಕೂತಿದೆ. ಎಲ್ಲರಿಗೂ ಒಪ್ಪುವ ಋತು ಎಲ್ಲಿಂದ ತರೋಣ?

ಸಮಭಾಜಕ ಎಂದಾಕ್ಷಣ ಮೇಷ್ಟ್ರು ಎಕ್ವಡಾರ್‌ಗೆ ಹಾರಿದರು. ಕೀಟೋ ಹತ್ತಿರ ಭೂಮಿಯ ನಡುಗೆರೆ ಇದೇ ಎಂದು ದೊಡ್ಡ ಸ್ಮಾರಕ ಕಟ್ಟಿದ್ದಾರೆ. ಜನ ಗೆರೆಯ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಆಮೇಲೆ ಜಿಪಿಎಸ್ ಬಂತು. ನೋಡಿದರೆ ನಿಜವಾದ ಗೆರೆ ಇರುವುದು ಅಲ್ಲಿಂದ ಸುಮಾರು 240 ಮೀಟರ್ ಉತ್ತರಕ್ಕೆ!

"ಅಷ್ಟೇನಾ?" ಎಂದರು ಶೆಟ್ರು. "ನಮ್ಮ ತೋಟದ ಗಡಿ ಅಳತೆ ಅದಕ್ಕಿಂತ ಜಾಸ್ತಿ ತಪ್ಪಿದೆ. ಅಲ್ಲಿಗೆ ಯಾವ ಟೂರಿಸ್ಟೂ ಬರ್ಲಿಲ್ಲ."

ಭಟ್ರ ಚಿಂತೆ ಊಟದ್ದು. "ಅಲ್ಲಿ ನಾವು ತಿನ್ನೋದೇನು?" ಮೇಷ್ಟ್ರಿಗೆ ಸಿಟ್ಟು ಬಂತು. "ಆಲೂಗೆಡ್ಡೆ ಆಂಡೀಸ್ ಪರ್ವತದ್ದು. ಗೇರುಬೀಜ ಬ್ರೆಜಿಲಿನದು. ಕಡಲೆಕಾಯಿಯ ತವರೂ ಆ ಖಂಡವೇ. ಅದಿಲ್ಲದಿದ್ದರೆ ಬಸವನಗುಡಿಯಲ್ಲಿ ಪರಿಷೆಯೇ ಇರ್ತಿರಲಿಲ್ಲ!" ಭಟ್ರು ಸಮಾಧಾನಗೊಳ್ಳುವ ಹೊತ್ತಿಗೆ ನಾನು ಬಾಯಿ ಹಾಕಿದೆ. ಪೆರುವಿನಲ್ಲಿ ಗಿನಿಪಿಗ್ ಹುರಿದು ತಿನ್ನುತ್ತಾರೆ. ಕುಸ್ಕೋದ ದೊಡ್ಡ ಚರ್ಚಿನಲ್ಲಿ ಯೇಸುವಿನ ಕಡೆಯ ಭೋಜನದ ಹಳೇ ಚಿತ್ರವಿದೆ, ಅದರಲ್ಲೂ ತಟ್ಟೆಯ ಮೇಲೆ ಅದೇ ಮಲಗಿದೆ. ಭಟ್ರು ಕಾಫಿ ಲೋಟ ಕೆಳಗಿಟ್ಟರು.

ಕುಸ್ಕೋ ಬಗ್ಗೆ ಇನ್ನೊಂದು ಮಾತು. ಮಾಚು ಪಿಚು ಎತ್ತರಕ್ಕೆ ಹೆದರುವವರೇ ಜಾಸ್ತಿ. ಅದು 2,430 ಮೀಟರ್. ಅದಕ್ಕೆ ಮೊದಲು ಉಳಿದುಕೊಳ್ಳುವ ಕುಸ್ಕೋನೇ 3,400. ತಲೆನೋವು, ಏದುಸಿರು ಎಲ್ಲ ಅಲ್ಲೇ. ಇಳಿದ ದಿನವೇ ಊರು ಸುತ್ತಲು ಹೊರಡಬಾರದು, ತೆಪ್ಪಗೆ ಮಲಗಬೇಕು. "ಮಲಗೋದಕ್ಕೆ ನಾನು ರೆಡಿ," ಎಂದರು ಭಟ್ರು. ಆ ದಿನ ಅವರು ಒಪ್ಪಿದ ಒಂದೇ ಕಾರ್ಯಕ್ರಮ ಅದು.

ನನ್ನನ್ನು ಕೇಳಿದರೆ ಒಂದೇ ಜಾಗ ನೋಡಲು ಅವಕಾಶ ಇದ್ದರೆ ಇಗ್ವಾಸು ಜಲಪಾತಕ್ಕೆ ಹೋಗಬೇಕು. ವೆನೆಜುವೆಲಾದ ಏಂಜೆಲ್ ಜಲಪಾತ 979 ಮೀಟರ್ ನಿಜ, ನಮ್ಮ ಜೋಗ 253. ಆದರೆ ಏಂಜೆಲ್ ಒಂದು ಉದ್ದನೆಯ ಧಾರೆ. ಇಗ್ವಾಸುವಿನಲ್ಲಿ ಸುಮಾರು 275 ಧಾರೆಗಳು. ಬ್ರೆಜಿಲ್ ಕಡೆ ನಿಂತರೆ ಪೂರ್ತಿ ನೋಟ, ಅರ್ಜೆಂಟೀನಾ ಕಡೆ ನಡೆದರೆ ನೀರು ಧುಮುಕುವ ಅಂಚಿಗೇ ಹೋಗಿ ಒದ್ದೆಯಾಗಬಹುದು. ಬೇಸಿಗೆಯಲ್ಲಿ ಹೋಗಿ ಬಂಡೆ ನೋಡಿ ಬರುವ ಜೋಗದ ಗತಿ ಅಲ್ಲಿ ಅಪರೂಪ. ಇದಕ್ಕೆ ನಾಲ್ವರೂ ಒಪ್ಪಿದರು. ತಿಂಗಳಿನ ಜಗಳವೂ ಇಲ್ಲ.

ಆಗ ಮೇಷ್ಟ್ರು ಮೆಲ್ಲಗೆ ಅಂದರು, "ಹಳದಿ ಜ್ವರದ ಇಂಜೆಕ್ಷನ್ ತಗೋಬೇಕು. ಹೊರಡೋಕೆ ಹತ್ತು ದಿನ ಮುಂಚೆಯೇ."

ಶೆಟ್ರ ಮುಖ ಬಿಳಿಚಿಕೊಂಡಿತು. ದೊಡ್ಡ ಅಲೆಗೆ ಹೆದರದವರು ಸೂಜಿಗೆ ಹೆದರುತ್ತಾರೆ. "ಅದು ಬೇಡದ ದೇಶ ಯಾವುದೂ ಇಲ್ವಾ?"

"ಉರುಗ್ವೆ ಇದೆ. ಪುಂಟಾ ಡೆಲ್ ಎಸ್ಟೆ ಅಂತ ಬೀಚು. ಮರಳಿನಿಂದ ದೈತ್ಯನ ಐದು ಬೆರಳು ಎದ್ದು ಬಂದ ಹಾಗೆ ಶಿಲ್ಪ ಮಾಡಿದ್ದಾರೆ, 1982ರಲ್ಲಿ. ಸಣ್ಣ ದೇಶ. ಜನರಿಗಿಂತ ದನಗಳೇ ಜಾಸ್ತಿ, ತಲೆಗೆ ಮೂರಕ್ಕಿಂತ ಹೆಚ್ಚು."

ಭಟ್ರು ಎದ್ದು ನಿಂತೇಬಿಟ್ಟರು. "ಮೂರು ಮೂರು ದನ! ಎಂಥ ಪುಣ್ಯಭೂಮಿ! ಹಾಲು, ಮೊಸರು, ತುಪ್ಪಕ್ಕೆ ಬರ ಇಲ್ಲ ಅನ್ನಿ. ಮೊದಲು ಅಲ್ಲಿಗೇ ಬುಕ್ ಮಾಡಿ."

ಉರುಗ್ವೆಯವರು ಅಷ್ಟೊಂದು ದನ ಯಾತಕ್ಕೆ ಸಾಕುತ್ತಾರೆ ಎಂದು ಹೇಳಲು ಮೇಷ್ಟ್ರಿಗೂ ನಾಲಿಗೆ ಹೊರಳಲಿಲ್ಲ, ನನಗೂ ಇಲ್ಲ.