ಕಾರು ಕಂಡರೆ ನಡುಗುವ ನಾಯಿ: ಮೇ ಬಿಸಿಲಿನಲ್ಲಿ ಬಳ್ಳಾರಿಯಿಂದ ಬೆಂಗಳೂರಿಗೆ ಕರೆದೊಯ್ಯುವುದು ಹೇಗೆ?

ಪ್ರಶ್ನೆ (ಬಳ್ಳಾರಿ):
ಮುಂದಿನ ತಿಂಗಳು, ಮೇ ಮೊದಲ ವಾರದಲ್ಲಿ, ಮನೆಯವರೆಲ್ಲ ಬೆಂಗಳೂರಿಗೆ ಹೊರಟಿದ್ದೇವೆ. ಎರಡು ವರ್ಷದ ನಾಡುನಾಯಿ ಚಿನ್ನುವನ್ನು ಬಿಟ್ಟು ಹೋಗಲು ಯಾರಿಗೂ ಮನಸ್ಸಿಲ್ಲ. ಆದರೆ ಕಾರಿನಲ್ಲಿ ಕೂರಿಸಿದರೆ ಜೊಲ್ಲು ಸುರಿಸುತ್ತಾನೆ, ನಡುಗುತ್ತಾನೆ, ಊರು ದಾಟುವುದರೊಳಗೆ ವಾಂತಿ. ನಿದ್ದೆ ಮಾತ್ರೆ ಅರ್ಧ ಕೊಡಿ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಕೊಡಬಹುದೇ?

ಉತ್ತರ (ರಾಯಚೂರು):
ದಯವಿಟ್ಟು ಕೊಡಬೇಡಿ. ನಾಯಿ ಮೈಶಾಖ ಇಳಿಸಿಕೊಳ್ಳುವುದು ಮುಖ್ಯವಾಗಿ ನಾಲಿಗೆ ಚಾಚಿ ತೇಕುವುದರಿಂದ. ಮಂಪರಿನಲ್ಲಿ ಆ ಶಕ್ತಿ ಕುಗ್ಗಬಹುದು. ನಮ್ಮ ಕಡೆಯ ನಲವತ್ತು ಡಿಗ್ರಿ ಬಿಸಿಲಿನಲ್ಲಿ ಅದು ಪ್ರಾಣಕ್ಕೇ ಕುತ್ತು. ಒಂದು ವಿಷಯ ಹೇಳಿ: ಜೊಲ್ಲು ಶುರುವಾಗುವುದು ಗಾಡಿ ಓಡತೊಡಗಿದ ಮೇಲೋ, ಕಾರನ್ನು ಕಂಡಾಗಲೋ?

ಪ್ರಶ್ನೆ ಕೇಳಿದವರು:
ಬಾಗಿಲು ತೆರೆದ ಕೂಡಲೇ, ಸರ್. ಇದುವರೆಗೆ ಅವನು ಕಾರು ಹತ್ತಿದ್ದೆಲ್ಲ ಪಶು ಆಸ್ಪತ್ರೆಗೆ, ಚುಚ್ಚುಮದ್ದು ಹಾಕಿಸಲು.

ಉತ್ತರ (ರಾಯಚೂರು):
ಹಾಗಿದ್ದರೆ ಮೊದಲು ಕಳೆಯಬೇಕಾದದ್ದು ಭಯ. ಇಂದಿನಿಂದಲೇ ನಿಂತ ಕಾರಿನಲ್ಲಿ, ಎಲ್ಲ ಬಾಗಿಲು ತೆರೆದಿಟ್ಟು, ಅವನ ಊಟ ಹಾಕಿ. ತಾನಾಗಿ ಹತ್ತಲಿ, ಎತ್ತಿ ಕೂರಿಸಬೇಡಿ. ನೆಮ್ಮದಿಯಾಗಿ ತಿನ್ನತೊಡಗಿದ ಮೇಲೆ ಎಂಜಿನ್ ಚಾಲೂ ಮಾಡಿ ಹಾಗೇ ನಿಲ್ಲಿಸಿ. ಆಮೇಲೆ ಬೀದಿಯ ಒಂದು ಸುತ್ತು, ಆಮೇಲೆ ಅವನು ಓಡಾಡಿ ಆಡುವ ಬಯಲಿನವರೆಗೆ. ಜೊಲ್ಲು ಮತ್ತೆ ಕಂಡರೆ ಹಿಂದಿನ ಹಂತಕ್ಕೆ ಮರಳಿ. ಇಲ್ಲಿ ಅವಸರ ಮಾಡಿದರೆ ಪಟ್ಟ ಶ್ರಮವೆಲ್ಲ ನೀರುಪಾಲು. ಇಷ್ಟಾದರೂ ವಾಂತಿ ನಿಲ್ಲದಿದ್ದರೆ ನಾಯಿಗಳಿಗೆಂದೇ ಇರುವ ಮರೋಪಿಟಂಟ್ ಮಾತ್ರೆಯ ಬಗ್ಗೆ ಪಶುವೈದ್ಯರನ್ನು ಕೇಳಿ. ಅಳತೆಯನ್ನು ಅವರೇ ತೂಕ ನೋಡಿ ಹೇಳಬೇಕು. ಅದು ವಾಂತಿ ತಡೆಯುತ್ತದೆ, ಭಯ ಕಳೆಯುವುದಿಲ್ಲ.

ಹೊರಡುವುದು ನಸುಕಿನಲ್ಲೇ. ಚಳ್ಳಕೆರೆ, ಹಿರಿಯೂರು ಮಾರ್ಗವಾಗಿ ಸುಮಾರು 300 ಕಿಲೋಮೀಟರ್. ಬಿಸಿಲೇರುವ ಮೊದಲೇ ಹೆಚ್ಚಿನ ದಾರಿ ಕಳೆದಿರುತ್ತದೆ. ಹೊಟ್ಟೆ ತುಂಬ ಉಣಿಸಿ ಹೊರಡಬೇಡಿ, ನೀರು ಮಾತ್ರ ಆಗಾಗ ಕೊಡಿ. ತಿಂಡಿಗೆ ನಿಲ್ಲಿಸಿದಾಗ ಒಬ್ಬರು ಅವನ ಜೊತೆಯಲ್ಲೇ ಇರಬೇಕು. ಮುಚ್ಚಿದ ಕಾರಿನ ಒಳಗೆ ಹತ್ತೇ ನಿಮಿಷದಲ್ಲಿ ಸುಮಾರು ಹತ್ತು ಡಿಗ್ರಿ ಶಾಖ ಏರಬಹುದು. ಗಾಜು ಎರಡು ಬೆರಳು ಇಳಿಸಿದರೂ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ತೇಕು ನಿಲ್ಲದೆ, ಒಸಡು ಕಡುಗೆಂಪಾಗಿ, ತೂರಾಡತೊಡಗಿದರೆ ಮೈಮೇಲೆ ನೀರು ಸುರಿದು, ಗಾಳಿ ಬೀಸುತ್ತಲೇ ಹತ್ತಿರದ ಪಶು ಆಸ್ಪತ್ರೆಗೆ ಧಾವಿಸಿ.

ಉತ್ತರ (ಕೊಪ್ಪಳ):
ಒಂದು ಮಾತು ಸೇರಿಸುತ್ತೇನೆ. ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಲೇಬೇಡಿ, ಏರ್‌ಬ್ಯಾಗ್ ತೆರೆದರೆ ಅವನು ಉಳಿಯುವುದು ಕಷ್ಟ. ಹಿಂದಿನ ಸೀಟು, ಎದೆಗೆ ತೊಡಿಸುವ ಹಾರ್ನೆಸ್, ಅದಕ್ಕೆ ಸೀಟ್ ಬೆಲ್ಟ್‌ನ ಕೊಂಡಿ. ಕೊರಳಪಟ್ಟಿಗೆ ಕಟ್ಟಿದರೆ ಬ್ರೇಕ್ ಹಾಕಿದಾಗ ಕುತ್ತಿಗೆ ಬಿಗಿಯುತ್ತದೆ. ಕೊರಳಪಟ್ಟಿಯಲ್ಲಿ ನಿಮ್ಮ ಮೊಬೈಲ್ ಸಂಖ್ಯೆ ಇರಲಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ತುಂಬಾ ಧನ್ಯವಾದ. ಕಾರಿಗೆ ಒಗ್ಗದೇ ಹೋದರೆ ರೈಲಿನಲ್ಲಿ ಸಾಧ್ಯವೇ?

ಉತ್ತರ (ಕೊಪ್ಪಳ):
ಸ್ಲೀಪರ್, ತ್ರೀ ಟಯರ್, ಟೂ ಟಯರ್ ಬೋಗಿಗಳಲ್ಲಿ ಬಿಡುವುದಿಲ್ಲ. ಮೊದಲ ದರ್ಜೆಯ ಕೂಪೆಯನ್ನು (ಇಬ್ಬರು ಮಲಗುವ, ಬಾಗಿಲಿರುವ ಪುಟ್ಟ ಕೋಣೆ) ಪೂರ್ತಿ ಕಾಯ್ದಿರಿಸಿದರೆ ನಿಮ್ಮ ಜೊತೆಗೇ ಇರಬಹುದು. ಇನ್ನೊಂದು ದಾರಿ ಗಾರ್ಡ್ ಬೋಗಿಯ ನಾಯಿ ಪೆಟ್ಟಿಗೆ; ಚಿನ್ನುವಿನಂಥ ಅಂಜುಕುಳಿಗೆ, ಅದೂ ಮೇ ತಿಂಗಳಲ್ಲಿ, ನಾನು ಒಪ್ಪುವುದಿಲ್ಲ. ಎರಡರಲ್ಲಿ ಯಾವುದಾದರೂ ರೇಬೀಸ್ ಲಸಿಕೆಯ ಪುಸ್ತಕ, ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ ಹಿಡಿದು ಮೊದಲೇ ಪಾರ್ಸೆಲ್ ಕಚೇರಿಯಲ್ಲಿ ವಿಚಾರಿಸಿ.